ನಮ್ಮವರೇ ಹೊಡೆದ ವಿಮಾನ

ಅಣ್ಣ,

ನಿನ್ನ ವಿಮಾನವನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿದ್ದರ ವಿಚಾರಣೆ ಇವತ್ತು ಮುಗಿಯಿತು. ಇದು ನಮ್ಮ ವಿಮಾನವೆಂದು ಗುರುತು ಹೇಳುವ ಯಂತ್ರವನ್ನು ಪೈಲಟ್ ಆನ್ ಮಾಡಿರಲಿಲ್ಲ, ತಪ್ಪು ಅವನದೇ ಎಂದು ದೊಡ್ಡ ಸಾಹೇಬರು ಓದಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಸತ್ತವನ ಮೇಲೆ ಗೂಬೆ ಕೂರಿಸ್ತೀರಲ್ಲ, ಸರ್. ಅದು ಕೆಟ್ಟಿದೆ ಅಂತ ನಮ್ಮಣ್ಣ ಎರಡು ಸಲ ಬರೆದುಕೊಟ್ಟಿದ್ದ," ಎಂದೆ.

"ಕೂತ್ಕೊಳಮ್ಮ. ಅವತ್ತು ರೇಡಾರ್ ಮುಂದೆ ಇದ್ದವಳು ನೀನು. ನಿನ್ನನ್ನ ಉಳಿಸೋಕೇ ಹೀಗೆ ಬರೆದಿರೋದು," ಎಂದರು.

ಅವರ ದಯೆಗಿಷ್ಟು ಬೆಂಕಿ ಬೀಳಲಿ. ಸಹಿಗೆಂದು ಮುಂದಿಟ್ಟ ವರದಿಯನ್ನು ಹರಿದು ಅವರ ಮೇಜಿನ ಮೇಲೆ ಎಸೆದೆ. ಬಿಳಿ ಹಾಳೆ ಕೇಳಿ, ಪರದೆ ನೋಡಿ 'ಶತ್ರು ವಿಮಾನ' ಎಂದವಳು ನಾನೇ ಅಂತ ಬರೆದುಕೊಟ್ಟು ಬಂದೆ.

ಒಳಗಿನಿಂದ ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಹಾಗೆ ಹೇಳಿದವಳು ನಾನೇ ಎಂದು ಅವಳಿಗಿನ್ನೂ ಹೇಳಿಲ್ಲ.