ನೊಣದ ಊಟ

ಮನೆಯಿಂದ,
ಮಾರ್ಚ್ ೧೪

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ನೀನು ಆಸ್ಪತ್ರೆ ಸೇರಿ ಹದಿನೆಂಟು ದಿನವಾದರೂ ಇವಳು ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಮೂರು ಸಲ ಬರೆದೆ, ಮೂರು ಸಲವೂ ಹರಿದೆ. ಅವುಗಳಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಇದರಲ್ಲೂ ಇದೆ, ಜೊತೆಗೆ ಒಂದಿಷ್ಟು ಸುದ್ದಿಯೂ ಇದೆ. ಕಾಗದ ಹಿಡಿಯುವಷ್ಟೂ ನಿನ್ನ ಕೈ ನಡುಕ ನಿಂತಿಲ್ಲವಂತೆ. ಅತ್ತಿಗೆಯೇ ಓದಿ ಹೇಳಲಿ.

ಅಮ್ಮ ಗಟ್ಟಿಯಾಗಿದ್ದಾಳೆ. ನೀನು ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ತೊಳೆದು ತೊಳೆದು ಹಿತ್ತಿಲಲ್ಲಿ ಕವುಚಿಟ್ಟಿದ್ದಾಳೆ. "ಗುಜರಿಗೆ ಹಾಕ್ತೀನಿ. ಅವನು ಬಂದ್ರೂ ಮುಟ್ಟೋಕೆ ಬಿಡಲ್ಲ" ಅನ್ನುತ್ತಾಳೆ. ನಿನ್ನ ಮಗಳು ನನ್ನ ಪಕ್ಕದಲ್ಲೇ ಮಲಗಿ ಇಡೀ ಹಾಸಿಗೆ ಆಕ್ರಮಿಸಿಕೊಳ್ಳುತ್ತಾಳೆ.

ನಿನ್ನೆ ಸೀಬೆ ತೋಟದವರ ಸಂಘದ ಸಭೆಗೆ ಹೋಗಿದ್ದೆ. ಕೀಟನಾಶಕದ ಅಂಗಡಿಯ ಡಬಲ್ ಡೋಸ್ ಮುಂದಿನ ಕುರ್ಚಿಯಲ್ಲೇ ಕಾಲು ಚಾಚಿ ಕೂತಿದ್ದ. ನೀನು ಇಟ್ಟ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ.

ನಾನು ಓದಿದ ಪುಸ್ತಿಕೆಗಳೆಲ್ಲ ಒಂದೇ ಮಾತು ಹೇಳುತ್ತವೆ. ಹಣ್ಣುನೊಣಕ್ಕೆ ಮೊಟ್ಟೆಯಿಡುವ ಮುಂಚೆ ವಿಪರೀತ ಹಸಿವು. ಅದಕ್ಕೆ ಇಷ್ಟವಾದ ಯೀಸ್ಟಿನ ಪಾಕಕ್ಕೆ ಚೂರು ವಿಷ ಬೆರೆಸಿ, ಸಾಲಿಗೆ ಕೆಲವೇ ಮರಗಳಲ್ಲಿ, ಎಲೆಯ ಕೆಳಗೆ ಅಂಗೈಯಗಲ ಹೊಡೆದರೆ ಸಾಕು. ನೊಣ ತಾನಾಗಿ ಹುಡುಕಿಕೊಂಡು ಬಂದು ತಿಂದು ಸಾಯುತ್ತದೆ. ಉಳಿದ ಮರಗಳಿಗೆ ವಿಷ ಸೋಕುವುದೇ ಇಲ್ಲ. ಊಟದ ಆಸೆ ತೋರಿಸಿ ಕೊಲ್ಲುವುದು ಮೋಸವೇ. ಆ ಮೋಸಕ್ಕೆ ನಾನು ಒಪ್ಪಿ ಕರಪತ್ರ ಹಂಚಿದ್ದು ನಿನ್ನ ಬೆನ್ನಿಗಾಗಿ, ಕಂಡವರ ತೋಟಗಳಲ್ಲಿ ವರ್ಷವಿಡೀ ವಿಷದ ಪಂಪು ಹೊರುವ ನಿನ್ನ ಬೆನ್ನಿಗಾಗಿ.

ಡಬಲ್ ಡೋಸ್ ಮಾಡಿದ್ದೇನು? ಪಾಕವನ್ನೂ ಮಾರಿದ, ವಿಷವನ್ನೂ ಎಂದಿನಷ್ಟೇ ಮಾರಿದ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಸಿ, ಒಂದು ಮರವನ್ನೂ ಬಿಡದೆ ತೊಟ್ಟಿಕ್ಕುವಂತೆ ಮೂರು ದಿನ ನಿನ್ನಿಂದ ಹೊಡೆಸಿದ. ಸಭೆಯಲ್ಲಿ ಎದ್ದು ಇದನ್ನೇ ಕೇಳಿದೆ.

"ಒಂದು ಮರಕ್ಕೆ ಹೊಡೆದು ಹತ್ತು ಮರ ಬಿಟ್ರೆ, ಆ ಹತ್ತು ಮರದ ನೊಣ ಏನು ಸನ್ಯಾಸ ತಗೊಳ್ತವಾ?" ಅಂದ. ಸಭೆಯೆಲ್ಲ ನಕ್ಕಿತು. ನೀನು ಹೊಡೆದ ಮರಗಳ ಹಣ್ಣು ತಿಂದು ಬದುಕುವವರು ನಕ್ಕರು.

"ನಮ್ಮಣ್ಣ ಬರಿಗೈ ಹಾಕಿ ಡ್ರಮ್ ಕಲಸಿದ್ದಾನೆ. ಒಂದು ಜೊತೆ ಕೈಗವಸು ಕೊಡೋಕೆ ನಿಮಗೇನು ಧಾಡಿಯಾಗಿತ್ತು?"

"ಕೊಟ್ಟೆ ಕಣಮ್ಮ. ಬೇಡ ಅಂದ. ಯಾಕೆ ಬೇಡ ಅಂದ ಅಂತ ಅವನನ್ನೇ ಕೇಳು."

ಸುಳ್ಳುಬುರುಕ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದು ಬಂದೆ. ಕೃಷಿ ಕಚೇರಿಗೆ ಕೊಡಲು ದೂರು ಬರೆದಿಟ್ಟಿದ್ದೇನೆ. ಅವನ ಅಂಗಡಿಗೆ ಬೀಗ ಬೀಳುವವರೆಗೆ ಬಿಡುವವಳಲ್ಲ.

ನಿನ್ನ ಮೇಲೂ ಸಿಟ್ಟಿದೆ. ಮೊದಲ ದಿನವೇ ವಾಂತಿ ಮಾಡಿಕೊಂಡು ಬಂದು, "ನೊಣದ ಊಟ ನಂಗೆ ಒಗ್ಗಲಿಲ್ಲ ಬಿಡೇ" ಎಂದು ನಕ್ಕೆ. ಮರುದಿನ ಮತ್ತೆ ಯಾಕೆ ಹೋದೆ? ಮೈ ಹೇಳಿದ ಮಾತನ್ನಾದರೂ ಕೇಳಬಾರದಿತ್ತೇ?

ಇರಲಿ. ಬೇಗ ಗುಣವಾಗು. ನಿನ್ನ ಕೈಯಲ್ಲಿ ಲೋಟ ನೆಟ್ಟಗೆ ನಿಂತ ದಿನ ಫೋನ್ ಮಾಡಿಸು. ಅತ್ತಿಗೆಗೆ ನಮಸ್ಕಾರ. ಅಮ್ಮನ ಆಶೀರ್ವಾದ ಇಬ್ಬರಿಗೂ.

ನಿನ್ನ ಜಗಳಗಂಟಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಕಾಗದ ಮುಗಿಸಿದ ಮೇಲೆ ಗೊತ್ತಾದದ್ದು. ಅಮ್ಮ ಬೇರೆಯಾಗಿ ಕಟ್ಟಿಟ್ಟಿದ್ದ ನಿನ್ನ ಕೆಲಸದ ಅಂಗಿಯನ್ನು ಒಗೆಯಲು ತೆಗೆದೆ. ಜೇಬಿನಲ್ಲಿ ನಾನು ಬರೆದು ತೋಟ ತೋಟಕ್ಕೆ ಹಂಚಿದ ಕರಪತ್ರ ಮಡಿಸಿಟ್ಟಿತ್ತು. ಒಂದು ಸಾಲಿನ ಕೆಳಗೆ ನೀನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀಯ: "ಇದು ನೊಣಗಳ ಊಟ, ಮನುಷ್ಯರಿಗೆ ಏನೂ ಮಾಡದು. ಕೈಗವಸು, ಮುಖಕ್ಕೆ ಬಟ್ಟೆ ಯಾವುದೂ ಬೇಡ."

ಆ ಸಾಲು ಯಾವ ಪುಸ್ತಿಕೆಯಲ್ಲೂ ಇಲ್ಲ. ಜನಕ್ಕೆ ಹಿಡಿಸಲಿ ಎಂದು ನಾನೇ ಸೇರಿಸಿದ್ದು. ಹದಿನೆಂಟು ದಿನ ನೀನು ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ದೂರಿನಲ್ಲಿ ಅಂಗಡಿಯವನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸಿದ್ದೇನೆ.

ಅತ್ತಿಗೆ, ಇದನ್ನು ಬಿಟ್ಟು ಓದಬೇಡಿ.