ಅಂಗಿ ತುಂಬ ಹೊಟ್ಟು

ಮಂಗಳವಾರ, ಅಕ್ಟೋಬರ್ 14

ನಾನು ಎಡಚ. ಪುಟ್ಟಮಾದಯ್ಯ ಮೇಸ್ತ್ರಿ ಹತ್ತಿರ ಮರಗೆಲಸಕ್ಕೆ ಸೇರಿದಾಗಿಂದ ಇದನ್ನು ಬಚ್ಚಿಟ್ಟಿದ್ದೆ. ಎಡಗೈಯವನು ಮಾಡಿದ ಬಾಗಿಲನ್ನು ಯಾರೂ ಮನೆಗೆ ಹಾಕಿಸಿಕೊಳ್ಳಲ್ಲ ಅಂತ ಅಮ್ಮ ಹೆದರಿಸಿದ್ದಳು. ಮರ ಹೆರೆಯುವ ಕೀಸುಳಿಯನ್ನು ಹೇಗೋ ಬಲಗೈಯಲ್ಲೇ ತಳ್ಳುತ್ತಿದ್ದೆ.

ಇವತ್ತು ಗುತ್ತಲಿನಲ್ಲಿ ಮೀನಾಕ್ಷಮ್ಮ ಅನ್ನುವವರ ಮನೆಯ ಬಾಗಿಲು ಉಜ್ಜಲು ಮೇಸ್ತ್ರಿ ಕರೆಂಟಿನ ಮಿಷಿನ್ ಕೊಟ್ಟರು. ಭಾರ, ಬಲಗೈಗೆ ನಿಲ್ಲಲಿಲ್ಲ. ಮೇಸ್ತ್ರಿ ಟೀಗೆ ಹೋದದ್ದೇ ತಡ, ಎಡಗೈಗೆ ತೆಗೆದುಕೊಂಡೆ.

ವಾಪಸ್ ಬಂದವರು ಹೊಟ್ಟು ಮೆತ್ತಿದ ನನ್ನ ಅಂಗಿ ನೋಡಿದರು. "ಲೇ, ಈ ಮಿಷಿನ್ನು ಒಟ್ಟು ಉಗಿಯೋದು ಬಲಕ್ಕೆ, ಬಲಗೈಲಿ ಇಡ್ದೋರ ಮೈಮೇಲ್ ಬೀಳಾಕಿಲ್ಲ. ನಿನ್ ಒಟ್ಟೆ ಮೇಲ್ ಎಂಗ್ಲಾ ಬಂತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನು ಎಡಚ, ಮೇಸ್ತ್ರಿ."

ಮೀನಾಕ್ಷಮ್ಮನೂ ಅಲ್ಲೇ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಬಾಗಿಲಿನ ಅಂಚು ಸವರಿ ನೋಡಿ, "ಯಾವ ಕೈ ಆದ್ರೇನ್ ಬುಡಪ್ಪ, ನನ್ ಸೀರೆ ಸಿಕ್ಕಾಕ್ಕೊಳ್ದಿದ್ರೆ ಸಾಕು" ಅಂದರು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಮಳವಳ್ಳೀಲಿ ಒಂದು ಬಾಗ್ಲು ಮೂಲೇಲದೆ. ಉಜ್ಜಕ್ ಓದ್ರೆ ನನ್ ಬಲಗೈ ಗ್ವಾಡೆಗೆ ತಾಗ್ತದೆ. ನೀನೇ ಬಾರ್ಲಾ, ಎಡಚ!"

ಸಂಜೆವರೆಗೂ ಎಡಗೈಯಲ್ಲೇ ಉಜ್ಜಿದೆ. ಅಂಗಿಯ ಹೊಟ್ಟು ಕೊಡವಲೂ ಮನಸ್ಸಾಗಲಿಲ್ಲ.

ಶಾಲೆಯಲ್ಲಿ ಏಟು ತಿಂದ ಮೇಲೆ ಬರೆಯುವುದನ್ನು ಬಿಟ್ಟಿದ್ದ ಎಡಗೈಯಲ್ಲೇ ಇದನ್ನೂ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ, ಇರಲಿ. ಕೈ ಇನ್ನೂ ಗುಂಯ್ ಅನ್ನುತ್ತಿದೆ. ಬೆಳಿಗ್ಗೆ ಮಳವಳ್ಳಿಗೆ ಹೊರಡುತ್ತೇನೆ.