ನೇರಳೆ ಮುಚ್ಚಳ

ಜೂನ್ ೩, ಬೆಳಿಗ್ಗೆ ೧೦.೩೦
ಗಾಜಿನ ಸಾಮಾನು ಮೂರು ಸಲ ತೊಳೆದಾಯಿತು. ಆಮೇಲೆ ಗುಳ್ಳೆ ಯಂತ್ರ. ಕೆಟ್ಟ ಸರ್ಫ್ಯಾಕ್ಟಂಟ್‌ಗೆ ನನ್ನ ಮಿಶ್ರಣ ಸೇರಿಸಿ, ಅದರೊಳಗೆ ಒಂದು ಗಾಳಿಗುಳ್ಳೆ ಬಿಟ್ಟು, ಐದು ನಿಮಿಷ ಹಿಗ್ಗಿಸಿ ಕುಗ್ಗಿಸಿ ಮೇಲ್ಮೈ ಎಳೆತ ಅಳೆದೆ. ಇಪ್ಪತ್ತೊಂದು. ನಿನ್ನೆಯೂ ಇಪ್ಪತ್ತೊಂದು. ಐದರ ಕೆಳಗೆ ಇಳಿಯಬೇಕು. ಎರಡು ವರ್ಷದ ಹಿಂದೆ ಇಳಿಯುತ್ತಿತ್ತು. ಆಮೇಲೆ ಅದಕ್ಕೇನು ದೆವ್ವ ಹಿಡಿಯಿತೋ...

ಪಕ್ಕದ ಮೇಜಿನಿಂದ — "ಅಕ್ಕಾ, ನಂದು ನಾಲ್ಕು!"

ನಮ್ಮ ಮಹಾರಾಣಿ. ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಬಸ್ಸು, ಎಂಟು ತಿಂಗಳಿಂದ ಒಂದೇ ಲ್ಯಾಬ್. ಕೆಲಸಕ್ಕೆ ಶಿಫಾರಸು ಮಾಡಿದವಳು ನಾನೇ. ಕಾಲ ಮೇಲೆ ಕಲ್ಲು ಎಳೆದುಕೊಂಡೆ.

"ತುಂಬಾ ಚೆನ್ನಾಗಿದೆ ಕಣೇ" ಅಂದೆ. ಮೈಯೆಲ್ಲ ಉರಿಯುತ್ತಿತ್ತು.

ಜೂನ್ ೫
ಊಟದ ಮೇಜಿನಲ್ಲಿ ಮಹಾರಾಣಿಯ ಉಪನ್ಯಾಸ. ಕೈಯಲ್ಲಿ ಬಲೂನು. "ಅತ್ತೆ, ಶ್ವಾಸಕೋಶದಲ್ಲಿ ಇಂಥ ಪುಟ್ಟ ಪುಟ್ಟ ಚೀಲ ಇರ್ತವೆ. ಒಳಗೆ ಒಂದು ತೆಳು ಪದರ, ಅದೇ ಸರ್ಫ್ಯಾಕ್ಟಂಟ್. ಕಾಯಿಲೆ ಬಂದ್ರೆ ರಕ್ತದ ನೀರು ಸೋರಿ ಆ ಪದರ ಕೆಡುತ್ತೆ. ಚೀಲ ಮುಚ್ಕೊಳ್ಳುತ್ತೆ, ಉಸಿರೇ ಆಡಲ್ಲ. ಕೆಟ್ಟಿದ್ದನ್ನ ಸರಿ ಮಾಡೋದೇ ನಮ್ಮ ಕೆಲಸ."

ಅತ್ತೆ ಬಲೂನು ಒತ್ತಿ ನೋಡಿದರು. ನನ್ನ ಕಡೆ ತಿರುಗಿ, "ಒಂಬತ್ತು ವರ್ಷದಿಂದ ನೀನು ಏನ್ ಮಾಡ್ತಿದ್ದೀಯ ಅಂತ ಇವತ್ತು ಗೊತ್ತಾಯ್ತು ನೋಡು!"

ನನ್ನ ಗಂಡನೂ ನಕ್ಕರು. ಅವರ ಜೊತೆ ಮಾತು ಬಂದ್.

ಜೂನ್ ೯
ಬಾಸ್ ಹೇಳಿಬಿಟ್ಟರು. ಎರಡು ಮಿಶ್ರಣಗಳಲ್ಲಿ ಒಂದೇ ಮೊಲದ ಮರಿಗಳ ಪ್ರಯೋಗಕ್ಕೆ ಹೋಗುವುದು. ಹದಿನೆಂಟಕ್ಕೆ ತೀರ್ಮಾನ. ಇನ್ನೊಂದು ಫ್ರೀಜರ್‌ಗೆ. ಅಲ್ಲಿಗೆ ಹೋದದ್ದು ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ. ನನ್ನ ಆರು ವರ್ಷ, ಒಂದು ಡಬ್ಬಿಯಲ್ಲಿ.

ಮಹಾರಾಣಿ ತಲೆ ತಗ್ಗಿಸಿ ಕೂತಿದ್ದಳು. ವಿನಯವಂತೆ!

ಜೂನ್ ೧೦
ಎಲ್ಲೋ ತಪ್ಪು ಮಾಡಿದ್ದಾಳೆ. ಮಾಡಿರಲೇಬೇಕು. ಯಂತ್ರದ ಶಾಖ ನೋಡಿದೆ — ಮೂವತ್ತೇಳು. ಗಾಜಿನಲ್ಲಿ ಸೋಪಿನ ಅಂಶ — ಇಲ್ಲ. ಹಾಳಾದವಳು, ತೊಳೆಯುವುದೂ ಚೆನ್ನಾಗಿಯೇ ತೊಳೆಯುತ್ತಾಳೆ.

ಜೂನ್ ೧೨, ಮಧ್ಯಾಹ್ನ ೧.೧೫
ಅವಳು ಕ್ಯಾಂಟೀನ್‌ಗೆ ಹೋದಳು. ಅವಳ ನೋಟ್‌ಬುಕ್ ತೆರೆದೆ. ಹೌದು, ತೆರೆದೆ.

ಎರಡು ಹಾಳೆ ಸೇರಿಸಿ ಪಿನ್ ಹೊಡೆದಿದ್ದಳು. ಉಗುರಿನಲ್ಲಿ ಬಿಚ್ಚಿದೆ, ಉಗುರಿನ ತುದಿ ಮುರಿಯಿತು. ಮೇ ೨೪. "ಅಕ್ಕನ ಮಿಶ್ರಣ, ಕೆಂಪು ಮುಚ್ಚಳದ ಟ್ಯೂಬಿನ ರಕ್ತ — ಎರಡು. ಮತ್ತೆ ಮಾಡಿದೆ — ಎರಡು. ಮತ್ತೆ — ಎರಡು."

ಅವಳದು ನಾಲ್ಕು. ನನ್ನದು ಎರಡು.

ಪಿನ್ ಅವಸರದಲ್ಲಿ ಅದೇ ತೂತುಗಳಿಗೆ ಚುಚ್ಚಿಟ್ಟೆ.

ಜೂನ್ ೧೬
ಮೂರು ದಿನ ಬರೆಯಲಿಲ್ಲ. ಶನಿವಾರ ಅವಳು ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಕೆಂಪು ಮುಚ್ಚಳದ್ದರಲ್ಲಿ ನಾನೇ ಮಾಡಿ ನೋಡಿದೆ. ಎರಡು.

ದೆವ್ವ ಹಿಡಿದದ್ದು ನನಗೇ. ಪ್ರಯೋಗಕ್ಕೆ ಸರ್ಫ್ಯಾಕ್ಟಂಟ್ ಕೆಡಿಸಲು ರಕ್ತದ ನೀರು ಬೇಕು. ರಕ್ತ ಹೆಪ್ಪುಗಟ್ಟದಿರಲಿ ಎಂದು ಎರಡು ವರ್ಷದ ಹಿಂದೆ ನೇರಳೆ ಮುಚ್ಚಳದ ಟ್ಯೂಬ್ ತರಿಸಿದವಳು ನಾನು. ಆ ಟ್ಯೂಬಿನ ಔಷಧಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ; ಕೆಂಪು ಮುಚ್ಚಳದ್ದರಲ್ಲಿ ಆ ಔಷಧಿ ಇಲ್ಲ. ಅವಳ ಮಿಶ್ರಣ ಹೇಗೋ ಕ್ಯಾಲ್ಸಿಯಂ ಇಲ್ಲದೆಯೂ ನಡೆಯುತ್ತದೆ, ನನ್ನದು ನಡೆಯುವುದಿಲ್ಲ. ಕ್ಯಾಲ್ಸಿಯಂ ಇಲ್ಲದಿದ್ದರೆ ಸರ್ಫ್ಯಾಕ್ಟಂಟ್ ಸರಿಯಾಗಿ ಹರಡುವುದಿಲ್ಲ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳೂ ನಾನೇ. ನಾಚಿಕೆಗೇಡು.

ಆದರೆ ಅವಳು! ಮೂರು ವಾರದಿಂದ ಗೊತ್ತಿದ್ದೂ ಪಿನ್ ಹೊಡೆದು ಕೂತಿದ್ದಾಳೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು "ಅಕ್ಕಾ, ಕಿಟಕಿ ತೆಗೀಲಾ" ಅನ್ನುತ್ತಾಳೆ. ಅಂದರೆ ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು. ಮೂರು ಸಲ ಅಳೆಯುವಷ್ಟು! ಹಾಲು ಕುಡಿದಷ್ಟು ಸಂತೋಷವಾಯಿತು. ನಿಜ ಹೇಳಬೇಕೆಂದರೆ, ಎರಡು ಬಂದಾಗಲೂ ಇಷ್ಟು ಆಗಿರಲಿಲ್ಲ.

ನನ್ನ ಅಂಕಿ ನಾನೇ ಹೇಳುವುದಿಲ್ಲ. ಅವಳ ಬಾಯಿಂದಲೇ ಬರಲಿ. ಸುಳ್ಳು ಹೇಳಿದರೆ ಬಾಸ್ ಎದುರೇ ಆ ಹಾಳೆ ಬಿಡಿಸುತ್ತೇನೆ.

ಜೂನ್ ೧೮, ಬೆಳಿಗ್ಗೆ ೯.೪೦
ಹತ್ತಕ್ಕೆ ಮೀಟಿಂಗ್. ಬಾಸ್ ಇನ್ನೂ ಬಂದಿಲ್ಲ. ಕೆಂಪು ಮುಚ್ಚಳದ ಟ್ಯೂಬ್ ಅವಳ ಮುಂದಿಟ್ಟೆ. "ನನ್ನ ಮಿಶ್ರಣ ಒಂದ್ಸಲ ಇದ್ರಲ್ಲಿ ಹಾಕಿ ನೋಡೇ. ನನ್ನ ಕಣ್ಣು ಯಾಕೋ ಉರೀತಿದೆ. ನೀನು ಓದು, ನಾನು ಬರ್ಕೋತೀನಿ." ಟ್ಯೂಬ್ ನೋಡಿ ಅವಳ ಮುಖದ ಬಣ್ಣ ಹೋಯಿತು. ಯಂತ್ರದ ಮುಂದೆ ಕೂತಳು.

ಅಂಕಿ ಬರೆಯಲು ಕೈಗೆ ಸಿಕ್ಕಿದ್ದು ಈ ಡೈರಿಯೇ.

ಒಂದನೇ ನಿಮಿಷ — "ಹದಿನಾರು."
ಎರಡು — "ಹತ್ತು."
ಮೂರು — "ಐದು." ದನಿ ಸಣ್ಣದಾಗಿದೆ.
ನಾಲ್ಕು — "ಮೂರು."
ಐದು —

ಹೇಳುತ್ತಿಲ್ಲ. ಕಾರಿಡಾರಿನಲ್ಲಿ ಬಾಸ್ ಶೂ ಸದ್ದು. ಹೇಳು, ಸುಳ್ಳು ಹೇಳು, ನೋಡೋಣ.

"ಎರಡು ಅಕ್ಕಾ. ಮೇನಲ್ಲೇ ಎರಡು ಬಂದಿತ್ತು. ನಾನು ಮುಚ್ಚಿಟ್ಟೆ. ಎಲ್ಲಾದ್ರಲ್ಲೂ ನೀವೇ ಮುಂದೆ ಅಂತ... ಬಾಸ್‌ಗೆ ನಾನೇ ಹೇಳ್ತೀನಿ."

ಅಳುತ್ತಿದ್ದಾಳೆ. ನೋಟ್‌ಬುಕ್ ತೆಗೆದು ಆ ಪುಟ ಹುಡುಕುತ್ತಿದ್ದಾಳೆ. ಸಿಕ್ಕಿತು. ಪಿನ್ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. ಬಗ್ಗಿ ನೋಡುತ್ತಿದ್ದಾಳೆ. ಪಿನ್ ಸೊಟ್ಟಗಿದೆ. ಈಗ ನನ್ನ ಮುರಿದ ಉಗುರಿನ ಕಡೆ —